ಬಿಳಿಯ ಹಂಸಗಳ ನಡುವೆ

ಒಂದೇ ಒಂದು ಮಾತು. "ಅಲ್ಲ" ಎಂದು ಆಕೆ ಉತ್ತರಿಸಿದ್ದರೆ ಸಾಕಾಗಿತ್ತು.

೧೯೫೭ನೆಯ ಇಸವಿ. ಅಮೆರಿಕ ದೇಶದ ದಕ್ಷಿಣ ಭಾಗದಲ್ಲಿರುವ ಜಾರ್ಜಿಯಾ ಸಂಸ್ಥಾನದ ರಾಜಧಾನಿ ಅಟ್ಲಾಂಟಾ. ಊರಿಂದೂರಿಗೆ ಸಂಚರಿಸುತ್ತ ಬಂದ ಪ್ರಸಿದ್ಧ ಬ್ಯಾಲೆ ಮಂಡಲಿಯೊಂದು ಅಲ್ಲಿಯ ಹೊಟೇಲೊಂದರಲ್ಲಿ ಬಿಡಾರ ಮಾಡಿತ್ತು. ನರ್ತಕಿಯರೆಲ್ಲರೂ ತಮ್ಮ ತಮ್ಮ ಕೋಣೆಗಳನ್ನು ಸೇರುತ್ತಿದ್ದರು. ಅವರಲ್ಲಿ ಒಬ್ಬಾಕೆಯ ಮೇಲೆ ಲಿಫ್ಟ್ ನಡೆಸುವ ಸೇವಕರ ಕಣ್ಣು ನೆಟ್ಟಿತು. ಸುದ್ದಿ ಮೇಲಿನವರಿಗೆ ಮುಟ್ಟಿತು. ಕೂಡಲೇ ಆಕೆಗೆ ಕರೆ ಬಂತು. ಹೊಟೇಲಿನ ಒಡೆಯರು ಕೇಳಿದ್ದು ನೇರವಾದ ಪ್ರಶ್ನೆ: ಆಕೆ ಕಪ್ಪು ಜನಾಂಗದವಳು ಹೌದೋ, ಅಲ್ಲವೋ?

ಆಕೆಯ ಮೈಬಣ್ಣ ತಿಳಿಯಾದುದು. ಸ್ಪೇನ್ ದೇಶದವಳೆಂದೋ ಇಟಲಿಯವಳೆಂದೋ ಹೇಳಿಕೊಂಡಿದ್ದರೆ ನಂಬದಿರಲು ಕಾರಣವಿರಲಿಲ್ಲ. ಆದರೆ ಆಕೆ ಸುಳ್ಳಾಡಲಿಲ್ಲ. ಹೌದೆಂದಳು. ಆ ಹೊಟೇಲಿನಲ್ಲಿ ಆಕೆಗೆ ಅಂದು ಸ್ಥಳವಿಲ್ಲವಾಯಿತು. ಜೊತೆಯವರು ಅಲ್ಲಿಯೇ ಉಳಿದರು. ಆಕೆಯನ್ನು 'ವರ್ಣೀಯರಿಗೆ' ಮೀಸಲಾಗಿದ್ದ ಬೇರೊಂದು ವಸತಿಗೃಹಕ್ಕೆ ಕಳುಹಿಸಲಾಯಿತು.

ಆಕೆಯ ಹೆಸರು ರೇವನ್ ವಿಲ್ಕಿನ್‌ಸನ್. ಅಮೆರಿಕದ ಮುಖ್ಯ ಬ್ಯಾಲೆ ಮಂಡಲಿಯೊಂದರ ಖಾಯಂ ಕಲಾವಿದೆಯಾಗಿ ಒಪ್ಪಂದ ಪಡೆದ ಮೊದಲ ಕಪ್ಪು ಮಹಿಳೆ. ಇಂಗ್ಲಿಷಿನಲ್ಲಿ ರೇವನ್ ಎಂದರೆ ಕಡುಗಪ್ಪು ಬಣ್ಣದ ದೊಡ್ಡ ಕಾಗೆ. ಹಂಸಗಳ ನೃತ್ಯಕ್ಕೆ ಹೊರಟ ಹುಡುಗಿಗೆ ತಂದೆತಾಯಿಗಳು ಇಂಥ ಹೆಸರಿಟ್ಟದ್ದು ವಿಧಿಯ ವಿನೋದವೆನ್ನಬೇಕು.

ಹಾರ್ಲೆಮ್‌ನ ದಂತವೈದ್ಯರ ಮಗಳು

ರೇವನ್ ಹುಟ್ಟಿದ್ದು ನ್ಯೂಯಾರ್ಕಿನಲ್ಲಿ, ೧೯೩೫ರ ಫೆಬ್ರವರಿ ೨ರಂದು. ತಂದೆ ದಂತವೈದ್ಯರು, ಕಪ್ಪು ಜನರ ವಸತಿಯಾದ ಹಾರ್ಲೆಮ್‌ನಲ್ಲಿ ಅವರ ಚಿಕಿತ್ಸಾಲಯವಿತ್ತು. ಮನೆಯಲ್ಲಿ ಅನ್ನಕ್ಕಾಗಲಿ ವಿದ್ಯೆಗಾಗಲಿ ಕೊರತೆಯಿರಲಿಲ್ಲ. ಬಡತನದಿಂದ ಮೇಲೆದ್ದ ಕಲಾವಿದೆಯ ಕಥೆಯನ್ನು ನಿರೀಕ್ಷಿಸುವ ವಾಚಕರಿಗೆ ಇಲ್ಲಿ ನಿರಾಶೆಯಾದೀತು. ಇದು ನಮ್ಮ ನಿಮ್ಮ ಮನೆಗಳಂಥ ಮಧ್ಯಮವರ್ಗದ ಮನೆಯೊಂದರ ಕಥೆ.

ಮಗು ಐದು ವರ್ಷದವಳಿದ್ದಾಗ ಮನೆಯವರು ಅವಳನ್ನು 'ಕೊಪೇಲಿಯ' ಎಂಬ ಬ್ಯಾಲೆಗೆ ಕರೆದೊಯ್ದರು. ಬೊಂಬೆಗೆ ಜೀವ ಬಂದಂತೆ ತೋರುವ ತಮಾಷೆಯ ಕಥೆ ಅದು. ಆಡಿದವರು 'ಬ್ಯಾಲೆ ರೂಸ್ ಡ ಮಾಂಟೆ ಕಾರ್ಲೊ' ಮಂಡಲಿಯವರು. ರಷ್ಯಾದಿಂದ ಹೊರಟು ಪ್ಯಾರಿಸ್ ನಗರವನ್ನು ಬೆರಗುಗೊಳಿಸಿದ್ದ ಡಿಯಾಗಿಲೆವ್‌ನ ಹಳೆಯ ಮಂಡಲಿ ೧೯೨೯ರಲ್ಲಿ ಆತನ ಮರಣದೊಡನೆ ಚದುರಿಹೋದ ಮೇಲೆ, ಅದರ ಪರಂಪರೆಯನ್ನು ಮುಂದುವರಿಸಿದವರಲ್ಲಿ ಇವರೂ ಒಬ್ಬರು. ಎರಡನೆಯ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ನೆಲೆಸಿ, ಬ್ಯಾಲೆಯನ್ನು ಕಂಡೇ ಅರಿಯದ ಸಣ್ಣ ಊರುಗಳಿಗೂ ಅದನ್ನು ಒಯ್ದ ಕೀರ್ತಿ ಈ ಮಂಡಲಿಯದು. ಐದು ವರ್ಷದ ಹುಡುಗಿ ಆ ರಾತ್ರಿ ಕಂಡದ್ದನ್ನು ಮರೆಯಲಿಲ್ಲ.

ತಾಯಿ ಮಗಳನ್ನು ಶಾಲೆಗೆ ಸೇರಿಸಲೆಂದು ಹೋದರೆ, ಇನ್ನೂ ಚಿಕ್ಕವಳು, ಒಂಬತ್ತು ತುಂಬಲಿ ಎಂದರು. ಒಂಬತ್ತನೆಯ ಹುಟ್ಟುಹಬ್ಬಕ್ಕೆ ಸೋದರಮಾವನೋ ಚಿಕ್ಕಪ್ಪನೋ, ಅಂತೂ ಬಂಧುವೊಬ್ಬರು ನೃತ್ಯಪಾಠದ ಶುಲ್ಕವನ್ನೇ ಉಡುಗೊರೆಯಾಗಿ ಕೊಟ್ಟರು. ಗುರುಗಳು ಸ್ವೊಬೊಡಾ ದಂಪತಿಗಳು. ಮಾಸ್ಕೋದ ಬೊಲ್ಶೋಯಿ ರಂಗಭೂಮಿಯಿಂದ ಬಂದವರು. ಶಿಷ್ಯೆಯ ಬಣ್ಣ ಯಾವುದೆಂದು ಅವರು ಕೇಳಲಿಲ್ಲ. ೧೯೫೧ರಲ್ಲಿ ಬ್ಯಾಲೆ ರೂಸ್‌ನ ಯಜಮಾನರಾದ ಸೆರ್ಗೆ ಡೆನಮ್ ಆ ಶಾಲೆಯನ್ನೇ ಕೊಂಡರು. ಹೀಗೆ, ಬಾಲ್ಯದಲ್ಲಿ ದೂರದಿಂದ ನೋಡಿ ಮನಸೋತ ಮಂಡಲಿ ತಾನಾಗಿಯೇ ರೇವನ್ ಕಲಿಯುತ್ತಿದ್ದ ಪಾಠಶಾಲೆಯ ಬಾಗಿಲಿಗೆ ಬಂತು.

ಬಣ್ಣದ ಲೆಕ್ಕಾಚಾರ

ಮುಂದಿನದನ್ನು ತಿಳಿಯಬೇಕಾದರೆ ಬ್ಯಾಲೆ ಎಂಬ ಕಲೆಯ ಸ್ವರೂಪವನ್ನು ಸ್ವಲ್ಪ ಅರಿತಿರಬೇಕು. ನಮ್ಮ ಭರತನಾಟ್ಯದ ನರ್ತಕಿ ಮಂಡಿಯನ್ನು ಬಾಗಿಸಿ ಭೂಮಿಯನ್ನು ಆಶ್ರಯಿಸುತ್ತಾಳೆ. ಬ್ಯಾಲೆಯ ನರ್ತಕಿ ಭೂಮಿಯನ್ನು ಬಿಡಲು ಹವಣಿಸುತ್ತಾಳೆ. ಮುಂಭಾಗವನ್ನು ಗಟ್ಟಿಯಾಗಿಸಿದ ಸ್ಯಾಟಿನ್ ಪಾದರಕ್ಷೆಯ ತುದಿಯ ಮೇಲೆ, ಕಾಲ್ಬೆರಳುಗಳ ಕೊನೆಯಲ್ಲಿ ಇಡೀ ಶರೀರದ ಭಾರವನ್ನು ನಿಲ್ಲಿಸಿ, ತನಗೆ ಭಾರವೇ ಇಲ್ಲವೆಂಬ ಭ್ರಮೆಯನ್ನು ಹುಟ್ಟಿಸಬೇಕು. ಆ ಪಾದರಕ್ಷೆಗೂ ಕಾಲುಚೀಲಕ್ಕೂ ತಿಳಿಗೆಂಪು ಬಣ್ಣ. ಏಕೆಂದರೆ, ಅದು 'ಚರ್ಮದ ಬಣ್ಣ'! ಯಾರ ಚರ್ಮದ ಬಣ್ಣ ಎಂಬ ಪ್ರಶ್ನೆ ಬಹುಕಾಲ ಯಾರಿಗೂ ತೋಚಿರಲಿಲ್ಲ.

ಇದರ ಮೇಲೆ ಬ್ಯಾಲೆಯಲ್ಲಿ ಸಮೂಹದ ಪಾತ್ರ ಬಹು ದೊಡ್ಡದು. ಚೈಕೋವ್‌ಸ್ಕಿಯ ಸಂಗೀತಕ್ಕೆ ರಚಿತವಾದ 'ಹಂಸ ಸರೋವರ'ದಲ್ಲಿ ಶಾಪಗ್ರಸ್ತ ಕನ್ಯೆಯರು ಬಿಳಿಯ ಹಂಸಗಳಾಗಿ ಸಾಲುಸಾಲಾಗಿ ಬರುತ್ತಾರೆ. ಷೊಪೆನ್ನನ ಸಂಗೀತದ 'ಲೆ ಸಿಲ್ಫೀಡ್'ನಲ್ಲಿ ಬೆಳ್ಳನೆಯ ಉಡುಪಿನ ಅಪ್ಸರೆಯರು ಬೆಳುದಿಂಗಳಿನಲ್ಲಿ ತೇಲುತ್ತಾರೆ. ಎಲ್ಲರ ಕೈಯೂ ಒಂದೇ ಎತ್ತರಕ್ಕೆ ಏಳಬೇಕು, ಎಲ್ಲರ ಕೊರಳೂ ಒಂದೇ ಕಡೆಗೆ ಬಾಗಬೇಕು. ಈ ಏಕರೂಪತೆಯ ಹೆಸರಿನಲ್ಲಿಯೇ ಬಣ್ಣದ ವಾದವೂ ಒಳಗೆ ನುಸುಳಿತು. ಸಾಲಿನ ಮಧ್ಯೆ ಒಂದು ಕಪ್ಪು ಮುಖ ಕಂಡರೆ ಪ್ರೇಕ್ಷಕರ ಚಿತ್ತ ಕದಡುತ್ತದೆಯಂತೆ! ಇದು ಸೌಂದರ್ಯದ ಮಾತು, ದ್ವೇಷದ ಮಾತಲ್ಲ ಎಂದು ಹೇಳುವವರು ಎಲ್ಲ ಕಾಲದಲ್ಲಿಯೂ ಇದ್ದರು. ಸ್ವಾರಸ್ಯವೇನೆಂದರೆ ಅದೇ 'ಹಂಸ ಸರೋವರ'ದಲ್ಲಿ ಮೋಸಗಾತಿಯಾದ ಕಪ್ಪು ಹಂಸದ ಪಾತ್ರವೂ ಒಂದಿದೆ. ಬಿಳಿಯ ಹಂಸವಾದ ನಾಯಕಿಯೇ ಉಡುಪು ಬದಲಿಸಿ ಅದನ್ನೂ ಆಡುತ್ತಾಳೆ. ಕಪ್ಪಾಗುವುದು ಬಿಳಿಯಳಿಗೆ ಅಷ್ಟು ಸುಲಭ.

ಕಪ್ಪು ನರ್ತಕಿಗೆ ಬಿಳಿಯಾಗುವ ಸಲಹೆಯನ್ನೂ ಕೊಟ್ಟವರಿದ್ದರು. ರೇವನ್‌ಗಿಂತ ಹದಿನೆಂಟು ವರ್ಷ ಹಿರಿಯಳಾದ ಜಾನೆಟ್ ಕಾಲಿನ್ಸ್ ಮೂವತ್ತರ ದಶಕದಲ್ಲಿ ಲಾಸ್ ಏಂಜಲೀಸಿನಲ್ಲಿ ನಡೆದ ಬ್ಯಾಲೆ ರೂಸ್ ಪರೀಕ್ಷೆಗೆ ಹೋಗಿದ್ದಳು. ನೃತ್ಯನಿರ್ದೇಶಕ ಲಿಯೊನಿಡ್ ಮಾಸೀನ್‌ಗೆ ಆಕೆಯ ನೃತ್ಯ ಮೆಚ್ಚುಗೆಯಾಯಿತು. ಆದರೆ ರಂಗಕ್ಕೆ ಬರಬೇಕಾದರೆ ಮುಖಕ್ಕೂ ಮೈಗೂ ಬಿಳಿಯ ಬಣ್ಣ ಬಳಿದುಕೊಳ್ಳಬೇಕಾದೀತು ಎಂಬ ಮಾತು ಬಂತು. ಹುಡುಗಿ ನಿರಾಕರಿಸಿ, ಅಳುತ್ತ ಮನೆಗೆ ಮರಳಿದಳು. ಅದೇ ಜಾನೆಟ್ ೧೯೫೧ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಅಪೆರಾದ ಮುಖ್ಯ ನರ್ತಕಿಯಾದದ್ದು, ಮಹಾಗಾಯಕಿ ಮೇರಿಯನ್ ಆಂಡರ್ಸನ್ ಆ ರಂಗದ ಮೇಲೆ ಹಾಡುವುದಕ್ಕೆ ಮೂರು ವರ್ಷ ಮೊದಲೇ ಆ ಬಾಗಿಲನ್ನು ತೆರೆದದ್ದು ಬೇರೆಯೇ ಒಂದು ಲೇಖನಕ್ಕೆ ತಕ್ಕ ವಿಷಯ. ಆದರೆ ಅದು ಅಪೆರಾ. ಬ್ಯಾಲೆ ಮಂಡಲಿಯ ಬಾಗಿಲು ಇನ್ನೂ ಮುಚ್ಚಿಯೇ ಇತ್ತು.

ಮೂರನೆಯ ಪರೀಕ್ಷೆ

೧೯೫೪ರಲ್ಲಿ ರೇವನ್ ಬ್ಯಾಲೆ ರೂಸ್‌ನ ಆಯ್ಕೆಗೆ ನಿಂತಳು. ತೆಗೆದುಕೊಳ್ಳಲಿಲ್ಲ. ಮತ್ತೆ ನಿಂತಳು, ಮತ್ತೆ ಇಲ್ಲ. ಜೊತೆಯಲ್ಲಿ ಕಲಿಯುತ್ತಿದ್ದವರೊಬ್ಬರು ಮರೆಮಾಚದೆ ಕಾರಣವನ್ನು ತಿಳಿಸಿದರು: ಮಂಡಲಿ ದಕ್ಷಿಣದ ಸಂಸ್ಥಾನಗಳಲ್ಲಿ ಸಂಚಾರ ಮಾಡುತ್ತದೆ, ನಿನ್ನ ಜನಾಂಗದವರನ್ನು ಸೇರಿಸಿಕೊಂಡು ಅಲ್ಲಿಗೆ ಹೋಗುವುದು ಅವರಿಗೆ ಶಕ್ಯವಿಲ್ಲ. ಮಾತು ಕಹಿಯಾಗಿದ್ದರೂ ಸುಳ್ಳಾಗಿರಲಿಲ್ಲ. ದಕ್ಷಿಣದಲ್ಲಿ ಆಗ ಶಾಲೆ, ರೈಲು, ಬಸ್ಸು, ಹೊಟೇಲು, ನೀರಿನ ನಲ್ಲಿ ಎಲ್ಲದರಲ್ಲಿಯೂ ಬಿಳಿಯರಿಗೊಂದು, ಕಪ್ಪು ಜನರಿಗೊಂದು ಎಂಬ ವಿಂಗಡಣೆ ಕಾನೂನಿನ ಬೆಂಬಲದಿಂದಲೇ ನಡೆದಿತ್ತು. ಶಾಲೆಗಳಲ್ಲಿ ಇಂಥ ಭೇದ ಸಲ್ಲದೆಂದು ಸುಪ್ರೀಂ ಕೋರ್ಟು ೧೯೫೪ರ ಮೇ ತಿಂಗಳಲ್ಲಿ ತೀರ್ಪಿತ್ತಿತ್ತು, ನಿಜ. ಕಾಗದದ ತೀರ್ಪು ಬೀದಿಗಿಳಿಯಲು ಇನ್ನೂ ಕಾಲ ಬೇಕಿತ್ತು.

ರೇವನ್ ಮೂರನೆಯ ಬಾರಿಯೂ ನಿಂತಳು. ೧೯೫೫ರಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿ, ಆಕೆಯ ಕೈಗೆ ಒಪ್ಪಂದದ ಕಾಗದ ಬಂತು. ಎರಡನೆಯ ಸಂಚಾರದ ಹೊತ್ತಿಗೆ ಸಮೂಹದಿಂದ ಬಡ್ತಿ ಪಡೆದು ಏಕವ್ಯಕ್ತಿ ನೃತ್ಯದ ಸ್ಥಾನಕ್ಕೇರಿದಳು. 'ಲೆ ಸಿಲ್ಫೀಡ್'ನ ವಾಲ್ಟ್ಸ್ ಭಾಗ ಆಕೆಯದಾಯಿತು. ಅದೇ ೧೯೫೫ರಲ್ಲಿ ಆರ್ಥರ್ ಮಿಚೆಲ್ ಎಂಬ ಕಪ್ಪು ತರುಣ ನ್ಯೂಯಾರ್ಕ್ ಸಿಟಿ ಬ್ಯಾಲೆಯನ್ನು ಸೇರಿದ. ಎರಡು ವರ್ಷಗಳ ನಂತರ ಜಾರ್ಜ್ ಬ್ಯಾಲನ್‌ಷೀನ್ 'ಅಗಾನ್' ಎಂಬ ಕೃತಿಯಲ್ಲಿ ಮಿಚೆಲ್‌ನನ್ನು ಬಿಳಿಯ ನರ್ತಕಿ ಡಯಾನಾ ಆಡಮ್ಸ್‌ಳ ಜೊತೆ ಆಡಿಸಿದಾಗ ನ್ಯೂಯಾರ್ಕಿನ ರಸಿಕರೂ ಬೆರಗಾದರು. ನ್ಯೂಯಾರ್ಕಿನಲ್ಲಿ ಇಷ್ಟಾದರೂ ಸಾಧ್ಯವಿತ್ತು. ಬ್ಯಾಲೆ ರೂಸ್‌ನ ಜೀವನವೋ ಬಸ್ಸಿನಲ್ಲಿ, ವರ್ಷದಲ್ಲಿ ತಿಂಗಳುಗಟ್ಟಲೆ, ಊರಿಗೊಂದು ರಾತ್ರಿಯಂತೆ.

ಮಂಡಲಿಯವರು ರೇವನ್‌ಳ ಜನಾಂಗದ ವಿಷಯವನ್ನು ಎತ್ತುತ್ತಲೇ ಇರಲಿಲ್ಲ. ಹೇಳದಿದ್ದರೆ ಆಯಿತು, ಬಣ್ಣ ತಿಳಿಯಾಗಿದೆ, ಹೇಗೋ ನಡೆಯುತ್ತದೆ ಎಂಬ ಧೋರಣೆ. ರೇವನ್‌ಳ ನಿಲುವು ಇದಕ್ಕಿಂತ ಸೂಕ್ಷ್ಮವಾಗಿತ್ತು. ತಾನಾಗಿ ಸಾರಿಕೊಂಡು ಜೊತೆಗಾರರನ್ನು ಅಪಾಯಕ್ಕೆ ಒಡ್ಡುವುದು ಆಕೆಗೆ ಬೇಕಿರಲಿಲ್ಲ. ಆದರೆ ಯಾರಾದರೂ ಮುಖಕ್ಕೆ ಮುಖ ಕೊಟ್ಟು ಕೇಳಿದರೆ, ತಾನು ಕಪ್ಪು ಜನಾಂಗದವಳಲ್ಲವೆಂದು ಹೇಳುವುದು ಆಕೆಯಿಂದ ಆಗುತ್ತಿರಲಿಲ್ಲ. ಮೌನಕ್ಕೂ ಸುಳ್ಳಿಗೂ ನಡುವೆ ಇರುವುದು ಕೂದಲೆಳೆಯ ಅಂತರ. ಆ ಎಳೆಯ ಮೇಲೆ ಆಕೆ ಎರಡು ವರ್ಷ ನಡೆದಳು. ಕಾಲ್ಬೆರಳ ತುದಿಯಲ್ಲಿ ನಿಲ್ಲುವುದು ಇದಕ್ಕಿಂತ ಸುಲಭವಾಗಿದ್ದಿರಬೇಕು. ಅಟ್ಲಾಂಟಾದಲ್ಲಿ ಆ ಪ್ರಶ್ನೆ ಬಂದೇ ಬಂತು.

ಮಾಂಟ್‌ಗಮರಿಯ ಊಟದ ಮನೆ

ಅಟ್ಲಾಂಟಾದ ಕಥೆಗಿಂತ ಭೀಕರವಾದದ್ದು ಅಲಬಾಮಾದ ಮಾಂಟ್‌ಗಮರಿಯ ಕಥೆ. ಊರಿನ ಹೆಸರು ನಮ್ಮ ವಾಚಕರಿಗೆ ಅಪರಿಚಿತವಲ್ಲ. ೧೯೫೫ರ ಡಿಸೆಂಬರ್ ೧ರಂದು ರೋಸಾ ಪಾರ್ಕ್ಸ್ ಎಂಬ ಮಹಿಳೆ ಬಸ್ಸಿನಲ್ಲಿ ಬಿಳಿಯನಿಗೆ ತನ್ನ ಆಸನ ಬಿಟ್ಟುಕೊಡಲೊಲ್ಲದೆ ಬಂಧನಕ್ಕೊಳಗಾದದ್ದು ಇಲ್ಲಿಯೇ. ಗಾಂಧೀಜಿಯ ಮಾರ್ಗದಲ್ಲಿ ನಂಬಿಕೆಯಿಟ್ಟ ತರುಣ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್‌ರ ನೇತೃತ್ವದಲ್ಲಿ ಕಪ್ಪು ಜನರು ೩೮೧ ದಿನ ಬಸ್ಸು ಹತ್ತದೆ ನಡೆದೇ ಗೆದ್ದದ್ದೂ ಇಲ್ಲಿಯೇ. ಗೆಲುವಿನ ನಂತರ ಸೋತವರ ಸಿಟ್ಟು ಊರಿನಲ್ಲಿ ಹೊಗೆಯಾಡುತ್ತಿತ್ತು.

ಬ್ಯಾಲೆ ರೂಸ್‌ನ ಬಸ್ಸು ಊರನ್ನು ಪ್ರವೇಶಿಸಿದಾಗ ಬೀದಿಯಲ್ಲಿ ಕಂಡದ್ದು ಬಿಳಿಯ ನಿಲುವಂಗಿ, ಮೊನಚಾದ ಮುಸುಕು. ಕು ಕ್ಲಕ್ಸ್ ಕ್ಲಾನ್ ಎಂಬ, ಕಪ್ಪು ಜನರನ್ನು ಹಿಂಸಿಸಿ ಹೆದರಿಸುವುದನ್ನೇ ವ್ರತವಾಗಿಸಿಕೊಂಡ ಗುಪ್ತಸಂಘದವರ ಉಡುಪು ಅದು. ನೃತ್ಯಗಾರರು ಹೊಟೇಲು ಸೇರಿದರು. ಊಟದ ಮನೆಯಲ್ಲಿ ಹೆಂಡತಿ ಮಕ್ಕಳೊಡನೆ ಕುಳಿತ ಸಭ್ಯ ಸಂಸಾರಗಳು. ನಗು, ಹರಟೆ, ಮಕ್ಕಳ ಗದ್ದಲ. ಇಂಥವರ ನಡುವೆ ಭಯವೇನು ಎಂದು ರೇವನ್‌ಗೆ ಒಂದು ಕ್ಷಣ ಸಮಾಧಾನವಾಯಿತು. ಮರುಕ್ಷಣವೇ ಹತ್ತಿರದ ಕುರ್ಚಿಯ ಮೇಲೆ ಕಣ್ಣು ಬಿತ್ತು. ಅಲ್ಲಿ ಆ ಬಿಳಿಯ ನಿಲುವಂಗಿಗಳನ್ನೂ ಮುಸುಕುಗಳನ್ನೂ ರಾಶಿಯಾಗಿ ಒಟ್ಟಿದ್ದರು. ಮಕ್ಕಳ ಬಾಯಿಗೆ ತುತ್ತಿಡುತ್ತಿದ್ದ ತಂದೆಯರೇ ಹೊರಗಿನ ಮುಸುಕಿನವರು!

ಈ ಒಂದು ದೃಶ್ಯವನ್ನು ಓದಿದಾಗ ಈ ಲೇಖಕನಿಗೆ ಹೊಟೇಲಿನ ಒಡೆಯರ ಪ್ರಶ್ನೆಗಿಂತ ಹೆಚ್ಚು ನಡುಕ ಹುಟ್ಟಿತು. ರಾಕ್ಷಸರು ರಾಕ್ಷಸರಂತೆ ಕಂಡರೆ ಗುರುತಿಸಬಹುದು. ಇವರು ಊಟದ ಮೇಜಿನಲ್ಲಿ ನಮ್ಮ ನೆರೆಮನೆಯವರಂತೆ ಕಂಡರು.

ಮಾಂಟ್‌ಗಮರಿಯಲ್ಲಿಯೇ ಕ್ಲಾನ್‌ನ ಇಬ್ಬರು ರಂಗದ ಮೇಲೆ ನುಗ್ಗಿ, ಕಪ್ಪು ಹುಡುಗಿ ಎಲ್ಲಿ ಎಂದು ಹೀನ ಶಬ್ದದಲ್ಲಿ ಕೇಳಿದ ಪ್ರಸಂಗವೂ ನಡೆಯಿತು. ನೃತ್ಯಗಾರರು ಯಾರೂ ತುಟಿ ಬಿಚ್ಚಲಿಲ್ಲ. ಅಂದು ಆ ಮೌನ ಆಕೆಯನ್ನು ಕಾಪಾಡಿತು. ಆದರೆ ಪ್ರತಿ ಊರಿನಲ್ಲಿಯೂ ಮೌನ ಕಾಪಾಡೀತೆಂಬ ಭರವಸೆ ಯಾರಿಗಿತ್ತು? ಅಟ್ಲಾಂಟಾದ ನಂತರ ಮಂಡಲಿ ದಕ್ಷಿಣದ ಕೆಲವು ಕಡೆಗಳಿಗೆ ಹೊರಟಾಗ ರೇವನ್‌ಳನ್ನು ಹಿಂದೆಯೇ ಬಿಡತೊಡಗಿತು. ಆಕೆಯ ರಕ್ಷಣೆಗಾಗಿ ಎಂಬ ಕಾರಣ ಸುಳ್ಳಲ್ಲ. ಆದರೂ ಫಲ ಒಂದೇ: ತಪ್ಪು ಮಾಡಿದವರು ಊಟದ ಮನೆಯಲ್ಲಿ ಕುಳಿತರು, ತಪ್ಪಿಲ್ಲದವಳು ಬಸ್ಸಿನಿಂದ ಇಳಿದಳು.

ಕೊನೆಗೆ ಪೆಟ್ಟು ಬಂದದ್ದು ಮುಸುಕಿನವರಿಂದಲ್ಲ, ಮನೆಯೊಳಗಿನಿಂದ. ಮಂಡಲಿಯಲ್ಲಿ ನೃತ್ಯಪಾಠದ ಹೊಣೆ ಹೊತ್ತವರೊಬ್ಬರು, ನೀನು ಏರಬಹುದಾದಷ್ಟು ಏರಿದ್ದೀಯೆ, ಇನ್ನು ಹೋಗಿ ಆಫ್ರಿಕದ ನೃತ್ಯ ಕಲಿಸುವ ಶಾಲೆಯೊಂದನ್ನು ತೆರೆ ಎಂದು ಸಲಹೆಯಿತ್ತರು. ಬಿಳಿಯ ಹಂಸದ ಪಾತ್ರಕ್ಕೆ ಕಪ್ಪು ನರ್ತಕಿಯನ್ನು ನಿಲ್ಲಿಸಲಾದೀತೆ ಎಂಬುದು ಅದರ ಹಿಂದಿನ ಮಾತು. ಒಂಬತ್ತನೆಯ ವಯಸ್ಸಿನಿಂದ ಬೊಲ್ಶೋಯಿ ಸಂಪ್ರದಾಯದ ಗುರುಗಳ ಕೈಯಲ್ಲಿ ಪಳಗಿದ ನ್ಯೂಯಾರ್ಕಿನ ಹುಡುಗಿಗೆ ಆಫ್ರಿಕದ ನೃತ್ಯದೊಡನೆ ಏನು ಸಂಬಂಧ? ಚರ್ಮದ ಸಂಬಂಧ! ೧೯೬೧ರಲ್ಲಿ ರೇವನ್ ಬ್ಯಾಲೆ ರೂಸ್ ಬಿಟ್ಟಳು.

ಸಮುದ್ರದಾಚೆ

ನ್ಯೂಯಾರ್ಕಿನ ಇತರ ದೊಡ್ಡ ಮಂಡಲಿಗಳ ಬಾಗಿಲುಗಳನ್ನು ತಟ್ಟಿದಳು, ತೆರೆಯಲಿಲ್ಲ. ಮನಸ್ಸು ಕುಗ್ಗಿ ನೃತ್ಯವನ್ನೇ ತೊರೆದು, ದೈವಭಕ್ತೆಯಾದ ಆಕೆ ವಿಸ್ಕಾನ್ಸಿನ್ ಸಂಸ್ಥಾನದ ಫಾಂಡ್ ಡು ಲ್ಯಾಕ್ ಎಂಬಲ್ಲಿನ ಕ್ರೈಸ್ತ ಸಂನ್ಯಾಸಿನಿಯರ ಮಠವನ್ನು ಸೇರಿದಳು. ಆರು ತಿಂಗಳಿದ್ದಳು. ದೇವರು ತನಗೆ ಕೊಟ್ಟಿರುವ ವಿದ್ಯೆಯನ್ನು ಹೀಗೆ ಮುಚ್ಚಿಡುವುದು ಸರಿಯಲ್ಲವೆಂದು ತೋರಿತು. ನ್ಯೂಯಾರ್ಕಿಗೆ ಮರಳಿ ಮತ್ತೆ ಅಭ್ಯಾಸಕ್ಕೆ ನಿಂತಳು.

ಈ ನಡುವೆ ದೇಶ ಬದಲಾಗುತ್ತಿತ್ತು. ೧೯೬೪ರ ಜುಲೈ ೨ರಂದು ಜಾರಿಗೆ ಬಂದ ನಾಗರಿಕ ಹಕ್ಕುಗಳ ಕಾಯಿದೆ ಹೊಟೇಲುಗಳಲ್ಲಿ ಬಣ್ಣದ ಭೇದವನ್ನು ನಿಷೇಧಿಸಿತು. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದದ್ದು ಅಟ್ಲಾಂಟಾ ನಗರದ ಒಂದು ವಸತಿಗೃಹವೇ ಎಂಬುದು ಗಮನಾರ್ಹ. ಅದೇ ವರ್ಷದ ಡಿಸೆಂಬರಿನಲ್ಲಿ ಆ ವಸತಿಗೃಹ ಸೋತಿತು. ರೇವನ್‌ಳನ್ನು ಹೊರಗೆ ಕಳುಹಿಸಿ ಆಗ ಏಳು ವರ್ಷ. ಕಾನೂನು ಹೊಟೇಲಿನ ಬಾಗಿಲು ತೆರೆಯಬಲ್ಲುದು; ಬ್ಯಾಲೆಯ ಬಾಗಿಲನ್ನು ತೆರೆಯಲು ಯಾವ ಕಾಯಿದೆಯೂ ಇರಲಿಲ್ಲ.

ಹಾಲೆಂಡಿನಲ್ಲಿ ನರ್ತಿಸುತ್ತಿದ್ದ ಸಿಲ್ವೆಸ್ಟರ್ ಕ್ಯಾಂಬೆಲ್ ಎಂಬ ಕಪ್ಪು ಕಲಾವಿದ ಆಕೆಗೆ ದಾರಿ ತೋರಿಸಿದ. ೧೯೬೭ರಲ್ಲಿ, ಮೂವತ್ತೆರಡನೆಯ ವಯಸ್ಸಿನಲ್ಲಿ, ಸಾಮಾನ್ಯವಾಗಿ ಬ್ಯಾಲೆ ನರ್ತಕಿಯರು ನಿವೃತ್ತಿಯ ಯೋಚನೆಗೆ ತೊಡಗುವ ಕಾಲದಲ್ಲಿ, ರೇವನ್ ಆಂಸ್ಟರ್‌ಡಾಮಿನ ಡಚ್ ನ್ಯಾಷನಲ್ ಬ್ಯಾಲೆಯನ್ನು ಸೇರಿದಳು. ಏಳು ವರ್ಷ ಅಲ್ಲಿದ್ದಳು. 'ಜಿಸೆಲ್', 'ಸೆರೆನೇಡ್', 'ಹಂಸ ಸರೋವರ' ಎಲ್ಲದರಲ್ಲಿಯೂ ನರ್ತಿಸಿದಳು. ಅಮೆರಿಕದಲ್ಲಿ ನಡೆಸಲಾಗದೆಂದು ಪಟ್ಟು ಹಿಡಿದದ್ದು ಹಾಲೆಂಡಿನಲ್ಲಿ ಸದ್ದಿಲ್ಲದೆ ನಡೆಯಿತು. ಡಚ್ ಪ್ರೇಕ್ಷಕರ ಚಿತ್ತವೇನೂ ಕದಡಲಿಲ್ಲ.

ತಾಯ್ನಾಡಿನ ಹಂಬಲ ಆಕೆಯನ್ನು ೧೯೭೪ರಲ್ಲಿ ಹಿಂದಕ್ಕೆ ಕರೆತಂದಿತು. ನೃತ್ಯ ಸಾಕೆಂದುಕೊಂಡಿದ್ದವಳನ್ನು ನ್ಯೂಯಾರ್ಕ್ ಸಿಟಿ ಅಪೆರಾ ಕರೆಯಿತು. ಅಲ್ಲಿ ಐವತ್ತು ವರ್ಷವಾಗುವವರೆಗೆ ನರ್ತಿಸಿದಳು. ೧೯೮೫ರ ಬಳಿಕ ೨೦೧೧ರವರೆಗೂ ಚಿಕ್ಕಪುಟ್ಟ ಅಭಿನಯ ಪಾತ್ರಗಳಲ್ಲಿ ಕಾಣಿಸಿಕೊಂಡಳು. ಪತ್ರಿಕೆಗಳು ಆಕೆಯನ್ನು ಬಹುಮಟ್ಟಿಗೆ ಮರೆತಿದ್ದವು. ಆರ್ಥರ್ ಮಿಚೆಲ್ ೧೯೬೯ರಲ್ಲಿ ಸ್ಥಾಪಿಸಿದ ಡಾನ್ಸ್ ಥಿಯೇಟರ್ ಆಫ್ ಹಾರ್ಲೆಮ್‌ನಲ್ಲಿ ಕಪ್ಪು ಹುಡುಗಿಯರು ತಮ್ಮ ಮೈಬಣ್ಣಕ್ಕೆ ಹೊಂದುವ ಕಾಲುಚೀಲ ಧರಿಸಿ ಆಡುವ ಕಾಲ ಬಂದರೂ, ಮೊದಲು ನಡೆದವಳ ಹೆಸರನ್ನು ಕೇಳಿದವರು ವಿರಳ.

ನೆರೆಮನೆಯ ಗುರು

ಹಳೆಯ ಬ್ಯಾಲೆ ರೂಸ್ ಕಲಾವಿದರನ್ನು ಕುರಿತ ಸಾಕ್ಷ್ಯಚಿತ್ರವೊಂದು ೨೦೦೫ರಲ್ಲಿ ಬಂತು. ಅದರಲ್ಲಿ ರೇವನ್‌ಳೂ ಮಾತನಾಡಿದ್ದಳು. ಅಮೆರಿಕನ್ ಬ್ಯಾಲೆ ಥಿಯೇಟರಿನ ಕಪ್ಪು ನರ್ತಕಿ ಮಿಸ್ಟಿ ಕೋಪ್‌ಲ್ಯಾಂಡ್ ಅದನ್ನು ನೋಡಿ ಚಕಿತಳಾದಳು. ತನಗಿಂತ ಅರ್ಧ ಶತಮಾನ ಮೊದಲು ಇದೇ ದಾರಿಯಲ್ಲಿ ಒಬ್ಬಳು ನಡೆದಿದ್ದಳೆಂದು ಅದುವರೆಗೆ ಯಾರೂ ಹೇಳಿರಲಿಲ್ಲ. ವಿಚಾರಿಸಿದರೆ ಆ ವೃದ್ಧೆ ನ್ಯೂಯಾರ್ಕಿನಲ್ಲಿ ತನ್ನ ಮನೆಯ ಸಮೀಪದಲ್ಲಿಯೇ ವಾಸವಾಗಿದ್ದಾಳೆ! ಇಬ್ಬರಿಗೂ ಪರಿಚಯವಾಯಿತು, ಪರಿಚಯ ಸ್ನೇಹವಾಯಿತು. ಅನುಮಾನದ ದಿನಗಳಲ್ಲಿ ಮಿಸ್ಟಿಗೆ ಧೈರ್ಯ ಹೇಳುವ ಹಿರಿಯಳು ಸಿಕ್ಕಿದಳು.

೨೦೧೫ರ ಜೂನ್ ೨೪ರಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಅಪೆರಾ ಭವನದಲ್ಲಿ ಮಿಸ್ಟಿ ಕೋಪ್‌ಲ್ಯಾಂಡ್ 'ಹಂಸ ಸರೋವರ'ದ ನಾಯಕಿಯಾಗಿ ಬಿಳಿಯ ಹಂಸ, ಕಪ್ಪು ಹಂಸ ಎರಡನ್ನೂ ಆಡಿದಳು. ಪರದೆ ಬಿದ್ದ ಮೇಲೆ ಹೂಗುಚ್ಛ ಹಿಡಿದು ರಂಗಕ್ಕೆ ಬಂದವರಲ್ಲಿ ಎಂಬತ್ತು ವರ್ಷದ ರೇವನ್ ವಿಲ್ಕಿನ್‌ಸನ್ ಇದ್ದಳು. ಆಕೆಯೊಡನೆ, ೧೯೯೦ರಲ್ಲಿ ಹ್ಯೂಸ್ಟನ್ ಬ್ಯಾಲೆಯ ಪ್ರಧಾನ ನರ್ತಕಿಯಾಗಿದ್ದ ಲಾರೆನ್ ಆಂಡರ್ಸನ್. ಆರು ದಿನಗಳ ತರುವಾಯ ಅಮೆರಿಕನ್ ಬ್ಯಾಲೆ ಥಿಯೇಟರ್ ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ಕಪ್ಪು ಮಹಿಳೆಯೊಬ್ಬಳನ್ನು, ಎಂದರೆ ಮಿಸ್ಟಿಯನ್ನು, ಪ್ರಧಾನ ನರ್ತಕಿಯ ಸ್ಥಾನಕ್ಕೇರಿಸಿತು.

ರೇವನ್ ತೀರಿಕೊಂಡದ್ದು ೨೦೧೮ರ ಡಿಸೆಂಬರ್ ೧೭ರಂದು, ಎಂಬತ್ತಮೂರನೆಯ ವಯಸ್ಸಿನಲ್ಲಿ. ಬ್ಯಾಲೆ ಪಾದರಕ್ಷೆಗಳಿಗೆ ಹೆಸರಾದ ಲಂಡನ್ನಿನ ಫ್ರೀಡ್ ಸಂಸ್ಥೆ ಕಂದು ಬಣ್ಣದ ಪಾದರಕ್ಷೆಗಳನ್ನು ಮಾರುಕಟ್ಟೆಗೆ ತಂದದ್ದು ಅದೇ ವರ್ಷ. ಅಲ್ಲಿಯವರೆಗೆ ಕಪ್ಪು ನರ್ತಕಿಯರಲ್ಲಿ ಅನೇಕರು ತಿಳಿಗೆಂಪು ಪಾದರಕ್ಷೆಗಳನ್ನು ಕೊಂಡು, ಮುಖಕ್ಕೆ ಹಚ್ಚುವ ಪ್ರಸಾಧನವನ್ನು ಸ್ಪಂಜಿನಲ್ಲಿ ಅದ್ದಿ, ಪ್ರದರ್ಶನಕ್ಕೆ ಮೊದಲು ಒಂದೊಂದು ಜೊತೆಗೂ ತಮ್ಮ ಕೈಯಿಂದಲೇ ಬಣ್ಣ ಬಳಿದುಕೊಳ್ಳುತ್ತಿದ್ದರು.